ಅತ್ತೆಯ ಪಾಲಿನ ಕೋಣೆ

ಮಾಂಗೆರೆ, ಆಕ್ಲೆಂಡ್
೯ ಮಾರ್ಚ್ ೨೦೦೩

ಪೂಜ್ಯ ಅತ್ತೆಯವರಿಗೆ,

ಹೋದ ಹಡಗಿಗೆ ಕಾಗದ ಹಾಕಲಾಗಲಿಲ್ಲ. ಬೈಯಬೇಕೆನಿಸಿದರೆ ಕಾಗದದಲ್ಲೇ ಬೈಯಿರಿ, ಓದುವಾಗ ನಿಮ್ಮ ದನಿ ಕೇಳಿದಂತಾಗುತ್ತದೆ. ಇಲ್ಲಿ ನನ್ನನ್ನು ಬೈಯುವವರೂ ಇಲ್ಲ. ಅಂಗಡಿಯ ಫೋನಿಗೆ ಮಾಡೋಣವೆಂದರೆ, ಊರೆಲ್ಲ ಕಿವಿಯಿಟ್ಟು ಕೇಳುತ್ತದೆ ಎಂದು ನೀವು ಎರಡೇ ಮಾತಿಗೆ ಇಟ್ಟುಬಿಡುತ್ತೀರಿ.

ಒಂದು ಒಳ್ಳೆಯ ಸುದ್ದಿ. ಹೀವಾಳನ್ನು ಇಲ್ಲಿಗೆ ಕರೆಸಿಕೊಳ್ಳುವ ಅರ್ಜಿ ಕೊನೆಯ ಮೇಜಿಗೆ ಬಂದಿದೆಯಂತೆ. ಒಂದೇ ಒಂದು ಬಾಕಿ. ಡಿಸೆಂಬರ್ ಮುಗಿಯುವುದರೊಳಗೆ ನನ್ನ ಹೆಸರಿನಲ್ಲಿ ಸರಿಯಾದ ಬಾಡಿಗೆ ಮನೆ ತೋರಿಸಬೇಕು. ತೋರಿಸದಿದ್ದರೆ ಅರ್ಜಿ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ನಾನು ಬಿಟ್ಟುಬಂದಾಗ ನನ್ನ ಸೊಂಟದ ಎತ್ತರವಿದ್ದ ಮಗಳು, ಅಷ್ಟರಲ್ಲಿ ನನಗಿಂತ ಎತ್ತರವಾಗಿರುತ್ತಾಳೆ.

ಲಾಂಡ್ರಿಯಲ್ಲಿ ಹಗಲು ಪಾಳಿ ಸಿಕ್ಕಿದೆ. ಹೋಟೆಲುಗಳ ಹಾಸುಬಟ್ಟೆ ಮಡಿಸುವ ಕೆಲಸ. ಸದ್ಯಕ್ಕೆ ಚರ್ಚಿನವರೊಬ್ಬರ ಮನೆಯಲ್ಲಿ ಒಂದು ಕೋಣೆಯಲ್ಲಿದ್ದೇನೆ, ಚೆನ್ನಾಗಿದೆ. ಮೂರು ಕೋಣೆಯ ಮನೆಯನ್ನೇ ಹುಡುಕುತ್ತಿದ್ದೇನೆ. ಮುಂದಿನ ಕೋಣೆ ನಿಮ್ಮದು. ಬಿಸಿಲು ಬೀಳುವ ಕಿಟಕಿ ಬೇಕು, ಕೂತು ಚಾಪೆ ಹೆಣೆಯುವಷ್ಟು ನೆಲ ಬೇಕು. ಹೀವಾಳ ಹಿಂದೆಯೇ ನೀವೂ ಬರಬೇಕು.

ಭಾನುವಾರ ಸೆಮಿಸಿಯ ಸಮಾಧಿಗೆ ಹೋಗಿದ್ದೆ. ಪಕ್ಕದ ಸಮಾಧಿಗೆ ಇಡೀ ಸಂಸಾರ ಬಂದಿತ್ತು, ಹೊದಿಕೆ ಹಾಸಿಕೊಂಡು ಊಟ ಮಾಡುತ್ತಿದ್ದರು. ನನ್ನನ್ನೂ ಕರೆದರು. ಊಟ ಆಗಿದೆ ಎಂದು ಸುಳ್ಳು ಹೇಳಿ ಬಂದೆ.

ನಿಮ್ಮ ವಿಕಾ


ಫೋವಾ ದ್ವೀಪ, ಹಾಪಾಯ್, ತೋಂಗಾ
೩೦ ಮಾರ್ಚ್ ೨೦೦೩

ವಿಕಾ,

ಬೈಯುವವರಿಲ್ಲವೆಂದು ಬರೆದಿದ್ದೀಯ. ನಿನ್ನ ಅಪ್ಪನ ಅಕ್ಕ ಬದುಕಿರುವವರೆಗೆ ಆ ಕೊರತೆ ನಿನಗೆ ಬರುವುದಿಲ್ಲ. ಕರೆದವರ ಊಟ ಬಿಟ್ಟು ಬಂದವಳನ್ನು ಏನೆಂದು ಬೈಯಲಿ? ಅದೂ ಗಂಡನ ಸಮಾಧಿಯ ಪಕ್ಕ.

ನಿನ್ನ ಮಗಳಿಗೆ ಮೀನು ಹೆಚ್ಚಲು ಅಸಹ್ಯ, ತಿನ್ನಲು ಅಲ್ಲ. ಹಾಡು ಮಾತ್ರ ಚೆನ್ನಾಗಿ ಬರುತ್ತದೆ. ಸಂಜೆ ಪ್ರಾರ್ಥನೆಗೆ ನಾನು ಕೆಳಗಿನ ದನಿ, ಅವಳು ಮೇಲಿನ ದನಿ. ಪಕ್ಕದ ಮನೆಯವರು ತಮ್ಮ ಪ್ರಾರ್ಥನೆ ನಿಲ್ಲಿಸಿ ಕೇಳುತ್ತಾರೆ. ಮೊನ್ನೆ ಕೇಳಿದಳು, "ಅಜ್ಜಿ, ಅಮ್ಮ ಹಾಡ್ತಾ ಇದ್ಲಾ?" ಕಪ್ಪೆಯ ಹಾಗೆ ಎಂದೆ. ಅರ್ಧ ಗಂಟೆ ನಕ್ಕಳು, ಆಮೇಲೆ ಅತ್ತಳು.

ಸೆಮಿಸಿಯ ಕಡೆಯ ಮುದುಕನೊಬ್ಬ ಹೋದ ವಾರ ಪಾಂಗಾಯ್ ಪೇಟೆಯಲ್ಲಿ ಸಿಕ್ಕಿದ್ದ. ಈಗಲೂ ಅವರು ಆಕ್ಲೆಂಡಿನ ಆ ಸಾವಿನ ಮನೆಯ ಮಾತಾಡುತ್ತಾರಂತೆ. ವಿಧವೆಯ ಕಡೆಯಿಂದ ಸಾವಿನ ಕಾಣಿಕೆಗೆ ಒಂದೆರಡು ಹರಕು ಚಾಪೆ ಬಂದೀತು ಎಂದು ಕಾದು ಕೂತಿದ್ದವರಲ್ಲವೇ ಅವರು. ಬಾಗಿಲಲ್ಲಿ ರಗ್ಗಿನ ರಾಶಿ ಬಂದು ಬಿತ್ತು. ಗುಲಾಬಿಯ ರಗ್ಗು, ನವಿಲಿನ ರಗ್ಗು, ಹುಲಿಯ ರಗ್ಗು, ಎಲ್ಲ ಹೊಚ್ಚ ಹೊಸದು. "ಇದು ವಿಕಾಳ ಕಡೆಯಿಂದ" ಎಂದು ಅವರ ಹಿರಿಯ ಎರಡೆರಡು ಸಲ ಕೂಗಿದ. ಸೆಮಿಸಿಯ ಸೋದರತ್ತೆ ಹೆಣದ ತಲೆಯ ಕಡೆ ಕೂತಿದ್ದಳಲ್ಲ, ರಾಶಿಯ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದಳು. ಸಾಕು, ಅಷ್ಟೇ ಬೇಕಾಗಿತ್ತು ನನಗೆ.

ಎಲ್ಲಿಂದ ಬಂತು ಎಂದು ನೀನು ಕೇಳಲಿಲ್ಲ. ಕೇಳಲೂಬಾರದು. ನಿನ್ನ ಮನೆಯಲ್ಲಿ ನನಗೆ ಬೀಗ ಹಾಕಿದ ಪೆಟ್ಟಿಗೆ ಇದೆಯೇ? ನನ್ನ ಸೋದರತ್ತೆ ಬಂದು ನನ್ನ ಮದುವೆಯ ಚಾಪೆಯನ್ನೇ ಸುತ್ತಿ ಎತ್ತಿಕೊಂಡಿದ್ದಳು. ನಾನೇ ಅದನ್ನು ತಲೆಯ ಮೇಲೆ ಹೊತ್ತು ಅವಳನ್ನು ದೋಣಿಯವರೆಗೆ ಬಿಟ್ಟುಬಂದೆ.

ಮನೆ ಬೇಗ ಹುಡುಕು. ನನ್ನ ಕೋಣೆಗೆ ಬಿಸಿಲು ಬೆಳಗಿನದು ಬೇಕು, ಸಂಜೆಯದಲ್ಲ.

ಮೆಲೆನೈತೆ


ಮಾಂಗೆರೆ
೧೮ ಮೇ ೨೦೦೩

ಪೂಜ್ಯ ಅತ್ತೆಯವರಿಗೆ,

ಮನೆ ಇನ್ನೂ ಸಿಕ್ಕಿಲ್ಲ. ನೋಡಿದ ಮನೆಗಳಿಗೇನೂ ಕಡಿಮೆಯಿಲ್ಲ. ಶನಿವಾರ ಎಲ್ಲರನ್ನೂ ಒಟ್ಟಿಗೆ ಒಳಗೆ ಬಿಡುತ್ತಾರೆ, ಹತ್ತಿಪ್ಪತ್ತು ಸಂಸಾರಗಳು ಒಬ್ಬರ ಮುಖ ಒಬ್ಬರು ನೋಡದೆ ಬಚ್ಚಲಿನ ನಲ್ಲಿ ತಿರುಗಿಸಿ ನೋಡುತ್ತವೆ. ನಾನು ಚರ್ಚಿನ ಬಟ್ಟೆ ಹಾಕಿ, ಸೊಂಟಕ್ಕೆ ನಮ್ಮ ಮರ್ಯಾದೆಯ ಚಾಪೆ ಕಟ್ಟಿಕೊಂಡೇ ಹೋಗುತ್ತೇನೆ. ಅರ್ಜಿ ಬರೆದುಕೊಡುತ್ತೇನೆ. ವಾರವಾದ ಮೇಲೆ, ಬೇರೆಯವರಿಗೆ ಕೊಟ್ಟೆವು ಎನ್ನುತ್ತಾರೆ.

ಒಂದರ ಮೇಲೊಂದು ಹೀಗೆಯೇ ಆದಾಗ, ಫವೋನಾದ ಮನೆಯ ಏಜೆಂಟ್ ಹುಡುಗಿಯನ್ನು ಬಾಯಿಬಿಟ್ಟು ಕೇಳಿಯೇಬಿಟ್ಟೆ.

"ನನ್ನಲ್ಲಿ ಏನಮ್ಮ ಕೊರತೆ? ಕೆಲ್ಸ ಇದೆ. ಬಾಡಿಗೆ ಮುಂಗಡ ಇದೆ."

"ನಿಮ್ದು ಕ್ರೆಡಿಟ್ ಚೆಕ್ ಮಾಡಿದ್ವಿ. ಸಾಲ ಸರಿಯಾಗಿ ತೀರಿಸ್ತೀರಾ ಇಲ್ವಾ ಅಂತ ಕಂಪ್ಯೂಟರ್ ಹೇಳತ್ತೆ. ನಿಮ್ದು ಚೆನ್ನಾಗಿಲ್ಲ."

"ನಾನು ಯಾರ ಹತ್ರನೂ ಸಾಲ ಮಾಡಿಲ್ಲ ತಾಯಿ."

"ಎಲ್ರೂ ಹಾಗೇ ಹೇಳ್ತಾರೆ," ಎಂದಳು. ಕೆಟ್ಟವಳಲ್ಲ. ಹೇಳುವಾಗ ನನ್ನ ಮುಖ ನೋಡಲಾಗದೆ ಬೀಗದ ಕೈಗಳನ್ನು ಎಣಿಸುತ್ತಿದ್ದಳು. ನನ್ನ ಫೈಲನ್ನು ಅಂಚೆಯಲ್ಲಿ ತರಿಸಿಕೊಂಡು ನೋಡಬಹುದು ಎಂದು ವಿಳಾಸ ಬರೆದುಕೊಟ್ಟಳು. ತರಿಸುತ್ತೇನೆ. ಯಾವುದೋ ಇನ್ನೊಬ್ಬಳ ಬಾಕಿ ನನ್ನ ತಲೆಗೆ ಬಂದಿರಬೇಕು.

ಅಲ್ಲಿಯವರೆಗೆ ಸುಮ್ಮನೆ ಕೂರುವುದಿಲ್ಲ. ಹೆಚ್ಚು ಬಾಗಿಲು ತಟ್ಟಿದಷ್ಟೂ ಒಂದಾದರೂ ತೆರೆದೀತು ಎಂದು ಕಂಡ ಕಂಡ ಏಜೆಂಟರಿಗೆಲ್ಲ ಅರ್ಜಿ ಹಾಕುತ್ತಿದ್ದೇನೆ.

ಹೀವಾಳಿಗೆ ಹೇಳಿ, ಕಪ್ಪೆಗಳು ಮಳೆ ಬರುವ ಮೊದಲು ಮಾತ್ರ ಹಾಡುತ್ತವೆ, ನಾನು ವರ್ಷವಿಡೀ ಹಾಡುತ್ತಿದ್ದೆ.

ವಿಕಾ


ಫೋವಾ
೮ ಜೂನ್ ೨೦೦೩

ವಿಕಾ,

ಯಾವ ಕಂಪ್ಯೂಟರು ಅದು, ನಿನ್ನ ಹೆಸರು ಚೆನ್ನಾಗಿಲ್ಲ ಎನ್ನಲು? ಅದರ ಅಪ್ಪ ಯಾರು, ಅಜ್ಜ ಯಾರು? ನೀನು ಅವರೆದುರು ಬೆಕ್ಕಿನ ಹಾಗೆ ಕೂತಿರುತ್ತೀಯ, ಅದಕ್ಕೇ ಹೀಗೆ. ಮೊದಲು ಯಾರ ಮೊಮ್ಮಗಳು ಎಂದು ಹೇಳಿದೆಯಾ?

ಇದರ ಜೊತೆ ನಮ್ಮ ಪಾದ್ರಿಯ ಕಾಗದವಿದೆ. ನಿನ್ನ ಅಪ್ಪನ ಕಡೆ ಏಳು ತಲೆಮಾರು, ನಿನ್ನ ಅಮ್ಮನ ಕಡೆ ನಾಲ್ಕು, ಎಲ್ಲ ಬರೆಸಿದ್ದೇನೆ. ನಿನ್ನ ಅಜ್ಜ ಚಂಡಮಾರುತದ ವರ್ಷ ಇಡೀ ಊರಿಗೆ ತನ್ನ ಗೆಣಸಿನ ಹೊಲ ಬಿಟ್ಟುಕೊಟ್ಟದ್ದನ್ನೂ ಬರೆಸಿದ್ದೇನೆ. ಪಾದ್ರಿ, "ಇಷ್ಟೆಲ್ಲಾ ಬೇಕಾ ಮೆಲೆನೈತೆ?" ಎಂದ. "ಬರೀ ನೀನು," ಎಂದೆ. ಇದನ್ನು ಆ ಏಜೆಂಟ್ ಹುಡುಗಿಯ ಮೇಜಿನ ಮೇಲಿಟ್ಟು ಕೂತುಕೋ. ಕೊಡದೆ ಎಲ್ಲಿ ಹೋಗುತ್ತಾಳೆ ನೋಡೋಣ.

ಇನ್ನೊಂದು ಮಾತು. ವರ್ಷ ಅರ್ಧವಾಯಿತು. ನಿನಗೆ ಮಗಳು ಬೇಕೋ ಬೇಡವೋ ಎಂಬ ಅನುಮಾನ ನನಗಿಲ್ಲ. ಊರವರಿಗೆ ಇದೆ. ಹೀವಾ ನಿದ್ದೆಗಣ್ಣಿನಲ್ಲಿ ನನ್ನನ್ನು ಅಮ್ಮ ಎಂದು ಕರೆದಳು. ನಾನು ಸರಿಮಾಡಲಿಲ್ಲ.

ಮೆಲೆನೈತೆ


ಮಾಂಗೆರೆ
೬ ಜುಲೈ ೨೦೦೩
ಈ ಕಾಗದ ಹಡಗು ಹತ್ತುವುದಿಲ್ಲ

ಅತ್ತೆ,

ಫೈಲು ಬಂತು. ಒಂದು ಹಾಳೆ. ನನ್ನ ಹೆಸರು, ಹುಟ್ಟಿದ ದಿನ, ಸೆಮಿಸಿ ಜೊತೆ ಇದ್ದ ಹಳೆಯ ಮನೆಯ ವಿಳಾಸ. ಕೆಳಗೆ ಸಾಲಾಗಿ ನಾನು ಅರ್ಜಿ ಹಾಕಿದ ಏಜೆಂಟರ ಹೆಸರುಗಳು. ಅವೆಲ್ಲದರ ಕೆಳಗೆ ಬಾಗಿಲಿಗೆ ಬಂದು ಕಂತಿನ ಮೇಲೆ ಸಾಮಾನು ಮಾರುವ ಲಾರಿ ಅಂಗಡಿಯ ಹೆಸರು. ರಗ್ಗುಗಳು. ಕಂತು ಕಟ್ಟಿಲ್ಲ. ಕೊಂಡ ತಾರೀಖು, ಸೆಮಿಸಿಯ ಹೆಣ ಮನೆಗೆ ಬಂದ ದಿನ.

ನಾನು ಹೆಣದ ಪಕ್ಕ ಕೂತಿದ್ದೆ. ನೀವು ಡ್ರಾಯರಿನಿಂದ ನನ್ನ ಲೈಸೆನ್ಸ್ ಕಾರ್ಡು ತೆಗೆದುಕೊಂಡು ಲಾರಿಯವನ ಹತ್ತಿರ ಹೋಗಿದ್ದೀರಿ, ನನ್ನ ಹೆಸರಿನಲ್ಲಿ ನೀವೇ ಸಹಿ ಮಾಡಿದ್ದೀರಿ. ಗುರುವಾರ ಗುರುವಾರ ಬಂದು ದುಡ್ಡು ತೆಗೆದುಕೊಂಡು ಹೋಗುತ್ತೇನೆ ಎಂದಿರುತ್ತಾನೆ ಅವನು. ನೀವು ಊರಿಗೆ ಹೋದಿರಿ. ಆ ಮನೆ ಮಾರಾಟವಾಗಿ ನಾನೂ ಬಿಟ್ಟೆ. ಅವನು ಯಾವ ಬಾಗಿಲು ತಟ್ಟಿದನೋ, ಅವನ ನೋಟಿಸುಗಳನ್ನು ಯಾರು ಕಸಕ್ಕೆ ಹಾಕಿದರೋ.

ಚರ್ಚಿನ ಹಾಲಿನಲ್ಲಿ ಬುಧವಾರ ಮಿಸೆಸ್ ರೆವಿಟಿ ಎಂಬ ಮಾವೋರಿ ಹೆಂಗಸು ಕೂರುತ್ತಾರೆ, ಸಾಲದ ತೊಂದರೆ ಇರುವವರಿಗೆ ಬಿಟ್ಟಿ ಸಲಹೆ ಕೊಡುತ್ತಾರೆ. ಹಾಳೆ ನೋಡಿ ಮೊದಲು ನನ್ನನ್ನೇ ಬೈದರು.

"ಇಷ್ಟು ಕಡೆ ಯಾಕಮ್ಮ ಅರ್ಜಿ ಹಾಕ್ದೆ? ಒಬ್ಬೊಬ್ರು ನೋಡ್ದಾಗ್ಲೂ ಇಲ್ಲೊಂದು ಗುರುತು ಬೀಳತ್ತೆ. ಸಾಲುಸಾಲು ಗುರುತು ಕಂಡ್ರೆ, ಓಹೋ ಇವ್ಳು ಎಲ್ಲಾ ಕಡೆ ಬೇಡಿ ಬಂದಿದಾಳೆ, ಯಾರೂ ಕೊಟ್ಟಿಲ್ಲ ಅಂತ ಮುಂದಿನವ್ನು ತಿಳ್ಕೋತಾನೆ."

"ಬಾಕಿ ಈಗ್ಲೇ ಕಟ್ಬಿಡ್ತೀನಿ."

"ಕಟ್ಟು. ಕಟ್ಟಿದ್ರೆ 'ಕಟ್ಟಿದಾರೆ' ಅಂತ ಪಕ್ಕದಲ್ಲಿ ಬರೀತಾರೆ. ಅಳ್ಸಲ್ಲ. ಐದ್ ವರ್ಷ ಇರತ್ತೆ. ನಿನ್ ಸಹಿ ಅಲ್ಲ ಅಂತಾದ್ರೆ ಮಾತ್ರ ಅಳಿಸ್ಬೇಕಾಗತ್ತೆ."

ಅದಕ್ಕೇ ಲಾರಿಯವರ ಆಫೀಸಿಗೆ ಹೋದೆ. ಅಲ್ಲಿನ ಮನುಷ್ಯ ಚೀಟಿ ತೆಗೆದು ತೋರಿಸಿದ. ನಿಮ್ಮ ಅಕ್ಷರ, ಅತ್ತೆ. ನನ್ನ ಹೆಸರನ್ನು ಅಷ್ಟು ಚೆಂದ ನಾನೇ ಎಂದೂ ಬರೆದಿಲ್ಲ.

"ಸಹಿ ನಿಮ್ದಲ್ವಾ?"

"ಅಲ್ಲ. ನಮ್ಮ ಸೋದರತ್ತೆದು."

"ಹಾಗಾದ್ರೆ ಅವ್ರು ನಿಮ್ ಕಾರ್ಡ್ ಕದ್ದಿದಾರೆ."

"ಕದ್ದಿಲ್ಲ. ಡ್ರಾಯರಲ್ಲಿತ್ತು, ತಗೊಂಡ್ರು."

"ಕೇಳ್ದೆ ತಗೊಂಡ್ರೆ ಕದ್ದಂಗೇ ಅಲ್ವೇನ್ರೀ?"

"ಅವರು ಕೇಳಬೇಕಾಗಿಲ್ಲ."

ಅವನು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದ. ಹುಚ್ಚಿಯೇನೋ ಎಂಬಂತೆ. ಕಡೆಗೆ, "ಪೊಲೀಸ್ ಕಂಪ್ಲೇಂಟ್ ನಂಬರ್ ತನ್ನಿ, ಅವತ್ತೇ ಅಳ್ಸಿಬಿಡ್ತೀವಿ," ಎಂದ.

ನಿಮ್ಮನ್ನು ಕಳ್ಳಿ ಎಂದು ಬರೆದುಕೊಟ್ಟರೆ ನನ್ನ ಮಗಳು ಬರುತ್ತಾಳೆ. ಬರೆಯದಿದ್ದರೆ ಇಲ್ಲ.

ಸಿಟ್ಟು ಬಂತು ಅತ್ತೆ, ಸುಳ್ಳು ಹೇಳುವುದಿಲ್ಲ. ಒಂದು ಮಾತು ಹೇಳಿದ್ದರೆ ದುಡಿದು ಕಟ್ಟುತ್ತಿದ್ದೆನಲ್ಲ. ಆಮೇಲೆ ಆ ದಿನ ಕಣ್ಣಿಗೆ ಬಂತು. ಸೆಮಿಸಿಯ ಕಡೆಯವರು ಒಂದು ಗೋಡೆಯುದ್ದಕ್ಕೂ ಕೂತಿದ್ದರು, ಇನ್ನೊಂದು ಗೋಡೆಗೆ ನಾನೊಬ್ಬಳೇ. ಬಾಗಿಲಲ್ಲಿ ನೀವು ರಗ್ಗು ಹೊತ್ತು ನಿಂತಿದ್ದಿರಿ. ನನ್ನ ಹೆಸರು ಕೂಗಿದಾಗ, ನನಗೂ ಒಂದು ಕಡೆಯಿದೆ ಎನ್ನಿಸಿತ್ತು.

ನಾನಿರುವುದು ಕೋಣೆಯಲ್ಲ, ಗ್ಯಾರೇಜು. ಕಾರಿನ ಎಣ್ಣೆಯ ಕಲೆಯ ಮೇಲೆ ನೀವು ಕೊಟ್ಟ ಚಾಪೆ ಹಾಸಿದ್ದೇನೆ. ಅದರ ಮೇಲೆ ಕೂತು ಬರೆಯುತ್ತಿದ್ದೇನೆ. ಮಾತಾಡಲು ಯಾರೂ ಇಲ್ಲದೆ ನಿಮಗೇ ಬರೆದೆ, ನಿಮಗೇ ಕಳಿಸುವಂತಿಲ್ಲ.


ಮಾಂಗೆರೆ
೭ ಜುಲೈ ೨೦೦೩

ಪೂಜ್ಯ ಅತ್ತೆಯವರಿಗೆ,

ಪಾದ್ರಿಯವರ ಕಾಗದ ತಲುಪಿತು. ಏಜೆಂಟ್ ಹುಡುಗಿಗೆ ತೋರಿಸಿದೆ, ತುಂಬಾ ಚೆನ್ನಾಗಿದೆ ಎಂದಳು. ಫೈಲಿನಲ್ಲಿ ಹಳೆಯದೇನೋ ಸಣ್ಣ ತಪ್ಪು, ಯಾರದೂ ಅಲ್ಲ, ಸರಿಹೋಗಲು ಸಮಯ ಹಿಡಿಯುತ್ತದೆ. ಇಲ್ಲಿ ಚಳಿ. ನಾನು ಚೆನ್ನಾಗಿದ್ದೇನೆ. ಹೀವಾಳಿಗೆ ಉಣ್ಣೆಯ ಅಂಗಿ ಕೊಂಡಿಟ್ಟಿದ್ದೇನೆ, ಅಳತೆ ಅಂದಾಜಿನ ಮೇಲೆ.

ವಿಕಾ


ಫೋವಾ
೨೪ ಆಗಸ್ಟ್ ೨೦೦೩

ವಿಕಾ,

ಹತ್ತು ಸಾಲಿನ ಕಾಗದವನ್ನು ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಕೆಸುವಿನ ಎಲೆ ಬೆಂದಿರಲಿಲ್ಲ. ಹಿಂದೆಲ್ಲ ನಿನ್ನ ಕಾಗದಕ್ಕೆ ಎರಡು ಸಲ ಕನ್ನಡಕ ಒರೆಸಬೇಕಾಗುತ್ತಿತ್ತು.

ಸಣ್ಣ ತಪ್ಪಂತೆ, ಯಾರದೂ ಅಲ್ಲವಂತೆ. ಯಾರದೂ ಅಲ್ಲದ ತಪ್ಪನ್ನು ನಾನು ಈ ವಯಸ್ಸಿನವರೆಗೆ ನೋಡಿಲ್ಲ. ನನಗೆ ಅರ್ಥವಾಯಿತು ಬಿಡು. ನಿನಗೆ ಅಲ್ಲಿ ಇನ್ನೊಬ್ಬ ಸಿಕ್ಕಿರಬೇಕು. ಹೊಸ ಸಂಸಾರಕ್ಕೆ ಹಳೆಯ ಮಗಳು ಅಡ್ಡಿ. ಹಾಗಿದ್ದರೆ ನೇರ ಬರೆ. ನಾನು ಗಂಡಸರ ಹಾಗೆ ಕೂಗಾಡುವುದಿಲ್ಲ. ಮಗು ನನ್ನ ಹತ್ತಿರ ಇರಲಿ ಎಂದು ಒಂದು ಮಾತು ಬರೆದುಬಿಡು, ಅವಳ ಎದುರು ನಾನು ಸುಳ್ಳು ಹೇಳುವುದು ತಪ್ಪುತ್ತದೆ. ವಾರಕ್ಕೊಮ್ಮೆ ಹಡಗು ಬಂದಾಗ ದಡಕ್ಕೆ ಓಡುತ್ತಾಳೆ. ಬರಿಗೈಯಲ್ಲಿ ಬಂದು, "ನಂಗೇನೂ ಬೇಜಾರಿಲ್ಲ ಅಜ್ಜಿ," ಎನ್ನುತ್ತಾಳೆ. ಕೇಳದೆಯೇ ಹೇಳುತ್ತಾಳೆ.

ಅವಳು ಇಲ್ಲಿದ್ದರೆ ನನಗೇನೂ ಕಷ್ಟವಿಲ್ಲ. ಅಷ್ಟು ಮಾತ್ರ ತಿಳಿದಿರಲಿ.

ಮೆಲೆನೈತೆ


ಮಾಂಗೆರೆ
೨೧ ಸೆಪ್ಟೆಂಬರ್ ೨೦೦೩

ಪೂಜ್ಯ ಅತ್ತೆಯವರಿಗೆ,

ಇನ್ನೊಬ್ಬರು ಯಾರೂ ಇಲ್ಲ. ಹಾಗೆ ಬರೆದದ್ದಕ್ಕೆ ನಿಮ್ಮ ಮೇಲೆ ಕೋಪವೂ ಇಲ್ಲ.

ಮನೆ ಈ ವರ್ಷ ಆಗುವುದಿಲ್ಲ. ಮುಂದಿನ ವರ್ಷವೂ ಆಗಲಿಕ್ಕಿಲ್ಲ. ಐದು ವರ್ಷ ಹಿಡಿಯುತ್ತದೆ ಎನ್ನುತ್ತಾರೆ. ಕಾರಣ ಕೇಳಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ. ನೀವೇ ಬರೆ ಎಂದಿದ್ದೀರಿ, ಬರೆಯುತ್ತಿದ್ದೇನೆ: ಮಗು ನಿಮ್ಮ ಹತ್ತಿರವೇ ಇರಲಿ. ಹೀವಾಳಿಗೆ ನೀವೇ ಹೇಳಿ. ನಾನು ಬರೆಯಲು ಕೂತರೆ ಕೈ ಓಡುವುದಿಲ್ಲ.

ಇಲ್ಲಿನ ನಮ್ಮ ಪಾದ್ರಿಯ ಹೆಂಡತಿ ಲಾವಿನಿಯಾ ನಿಮ್ಮ ಕಡೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಒಂದು ಡಬ್ಬ ಕಳಿಸಿದ್ದೇನೆ. ಉಪ್ಪಿನ ಮಾಂಸ, ಸೋಪು, ಆ ಉಣ್ಣೆಯ ಅಂಗಿ. ನಿಮ್ಮ ದ್ವೀಪದಲ್ಲಿ ಅಂಥ ಚಳಿಯಿಲ್ಲ, ಗೊತ್ತು. ಇಲ್ಲಿಟ್ಟುಕೊಂಡು ನೋಡಲು ನನ್ನಿಂದ ಆಗುವುದಿಲ್ಲ.

ವಿಕಾ


ಫೋವಾ
೧೯ ಅಕ್ಟೋಬರ್ ೨೦೦೩

ವಿಕಾ,

ಲಾವಿನಿಯಾ ಬಂದಿದ್ದಳು. ಡಬ್ಬ ಕೊಟ್ಟಳು, ಊಟ ಮಾಡಿದಳು. ಆಮೇಲೆ ಚಡಪಡಿಸತೊಡಗಿದಳು. ಹೊಟ್ಟೆಯಲ್ಲಿ ಮಾತಿಟ್ಟುಕೊಂಡವರ ಮುಖ ನನಗೆ ಗೊತ್ತು. ಹೀವಾಳನ್ನು ಸಮುದ್ರದ ಕಡೆ ಓಡಿಸಿ ಬಾಯಿಬಿಡಿಸಿದೆ. ನೀನು ಚರ್ಚಿನ ಹಾಲಿನಲ್ಲಿ ಆ ಮಾವೋರಿ ಹೆಂಗಸಿನೆದುರು ಅಳುತ್ತಿದ್ದಾಗ ಇವಳು ಪಕ್ಕದಲ್ಲೇ ಚಹಾ ಕಾಸುತ್ತಿದ್ದಳಂತೆ.

ಗ್ಯಾರೇಜಿನ ವಿಷಯವೂ ಗೊತ್ತಾಯಿತು. ಚೆನ್ನಾಗಿದೆ ಎಂದು ಬರೆದಿದ್ದೆ.

ಲಾರಿಯವನು ನಗುನಗುತ್ತ, "ಅವ್ರ ಕಾರ್ಡ್ ಇದ್ರೆ ಸಾಕು ಅಮ್ಮ, ಯಾರ್ ಸಹಿ ಮಾಡಿದ್ರೇನು," ಎಂದಿದ್ದ. ಸರಿಯಾಗಿಯೇ ಹೇಳಿದ, ಬುದ್ಧಿವಂತ ಎಂದುಕೊಂಡೆ. ನಿನ್ನ ಹೆಸರು ನನ್ನದಲ್ಲದೆ ಇನ್ಯಾರದು? ನಿನಗೆ ಆ ಹೆಸರಿಟ್ಟವಳೇ ನಾನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಸಾವಿನ ಮನೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಕಾಲು ಇದ್ದಷ್ಟು ಹಾಸಿಗೆ ತರಬೇಕು. ಇವತ್ತೇ ಆ ದಿನ ಮತ್ತೆ ಬಂದರೂ ರಗ್ಗು ತರುತ್ತೇನೆ. ಆದರೆ ನನ್ನ ತಮ್ಮನ ಮಗಳು ಆ ರಗ್ಗಿಗಾಗಿ ಎಣ್ಣೆಯ ಕಲೆಯ ಮೇಲೆ ಮಲಗುತ್ತಾಳೆ ಎಂದರೆ ನನಗೆ ಊಟ ಸೇರುವುದಿಲ್ಲ.

ನಿನಗೆ ಇನ್ನೊಬ್ಬ ಸಿಕ್ಕಿದ್ದಾನೆ ಎಂದು ಬರೆದೆನಲ್ಲ. ಆ ಕಾಗದ ಸುಟ್ಟುಬಿಡು.

ಈಗ ಕೇಳು. ಆ ಪೊಲೀಸರ ಹತ್ತಿರ ಹೋಗು. ನನ್ನ ಪೂರ್ತಿ ಹೆಸರು ಕೊಡು, ಊರು ಕೊಡು. "ನನ್ನ ಕಾರ್ಡು ತೆಗೆದುಕೊಂಡಳು, ನನ್ನ ಹೆಸರಿನಲ್ಲಿ ಸಹಿ ಮಾಡಿದಳು, ನನ್ನನ್ನು ಕೇಳಲಿಲ್ಲ" ಎಂದು ಬರೆಸು. ಎಲ್ಲ ನಿಜವೇ. ಅದಕ್ಕೆ ಅವರು ಏನು ಹೆಸರಿಟ್ಟುಕೊಂಡರೆ ನಮಗೇನು? ಇಲ್ಲಿಯವರೆಗೆ ಬಂದು ನನ್ನನ್ನು ಹಿಡಿದುಕೊಂಡು ಹೋಗುತ್ತಾರೆಯೇ? ಪಾಂಗಾಯ್ ಠಾಣೆಯ ಪೊಲೀಸಪ್ಪನಿಗೆ ಭಾನುವಾರದ ಶಾಲೆಯಲ್ಲಿ ಹಾಡು ಕಲಿಸಿದವಳು ನಾನು, ಈಗಲೂ ನನ್ನ ಕಂಡರೆ ಸೈಕಲ್ಲಿನಿಂದ ಇಳಿಯುತ್ತಾನೆ.

ನಿನಗೆ ಆಗುವುದಿಲ್ಲ ಎಂದು ಗೊತ್ತು. ಇಷ್ಟು ವರ್ಷ ನಿನ್ನಿಂದ ನಾನು ಏನೂ ಕೇಳಿಲ್ಲ, ತೆಗೆದುಕೊಂಡಿದ್ದೇನೆ. ಇದೊಂದನ್ನು ಕೇಳುತ್ತಿದ್ದೇನೆ. ಅಪ್ಪನ ಅಕ್ಕನಿಗೆ ಇಲ್ಲವೆನ್ನುವ ಧೈರ್ಯ ನಿನಗಿದ್ದರೆ ಅನ್ನು.

ಮೆಲೆನೈತೆ


ಫವೋನಾ, ಆಕ್ಲೆಂಡ್
೩೦ ನವೆಂಬರ್ ೨೦೦೩

ಪೂಜ್ಯ ಅತ್ತೆಯವರಿಗೆ,

ಮೇಲೆ ವಿಳಾಸ ನೋಡಿ. ಮನೆ ಸಿಕ್ಕಿತು.

ನಿಮ್ಮ ಕಾಗದ ಬಂದ ಮೇಲೂ ಎರಡು ಸಲ ಪೊಲೀಸ್ ಠಾಣೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಮೂರನೆಯ ಸಲ ಒಳಗೆ ಹೋದರೆ ಮೇಜಿನ ಹಿಂದೆ ನಮ್ಮವಳೇ ಒಬ್ಬ ಹುಡುಗಿ, ಪೊಲೀಸ್ ಬಟ್ಟೆಯಲ್ಲಿ. ಅಪ್ಪ ಅಮ್ಮ ತೋಂಗಾದವರಂತೆ, ಇವಳು ಹುಟ್ಟಿದ್ದು ಇಲ್ಲೇ. ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತ ಬಂದಳು.

"ಆ ಹೆಂಗಸು ನಿಮಗೇನಾಗ್ಬೇಕು?"

"ಅಪ್ಪನ ಅಕ್ಕ."

ಪೆನ್ನು ನಿಂತುಹೋಯಿತು. "ಅಕ್ಕಾ, ಬೇರೆ ಯಾರ್ ಹತ್ರನಾದ್ರೂ ಬರೆಸ್ತೀರಾ? ನಮ್ಮಪ್ಪ ಕೇಳಿದ್ರೆ ನನ್ನ ಮನೆಗೇ ಸೇರ್ಸಲ್ಲ."

ನಿಮ್ಮ ಕಾಗದ ಕೊಟ್ಟೆ. ಓದಿದಳು. ಓದಿ ಮುಗಿದ ಮೇಲೂ ಹಾಳೆಯನ್ನು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ಕುರ್ಚಿಯಲ್ಲಿ ಭುಜ ಇಳಿಸಿ, ತಲೆ ತಗ್ಗಿಸಿ ಬರೆದಳು, ಹಿರಿಯರೆದುರು ನೆಲದ ಮೇಲೆ ಕೂತವರ ಹಾಗೆ. ಸಹಿ ಮಾಡುವ ಮೊದಲು ನನಗೆ ಒಂದು ವಿಷಯ ಹೇಳಿದಳು. ಅದನ್ನಿಲ್ಲಿ ಬರೆಯುವಷ್ಟು ದೊಡ್ಡದೇನಲ್ಲ. ಸ್ವಲ್ಪ ಹೊತ್ತು ಹೊರಗೆ ಬೆಂಚಿನ ಮೇಲೆ ಕೂತಿದ್ದು, ಒಳಗೆ ಹೋಗಿ ಸಹಿ ಮಾಡಿದೆ.

ಲಾರಿಯವರು ಆ ವಾರವೇ ಗುರುತು ಅಳಿಸಿದರು. ಏಜೆಂಟರು ನೋಡಿದ ಗುರುತುಗಳು ಇನ್ನೂ ಇವೆ, ಆದರೆ ಮಿಸೆಸ್ ರೆವಿಟಿ ನನ್ನ ಜೊತೆ ಬಂದು ಅದೇ ಬೀಗದ ಕೈ ಎಣಿಸುತ್ತಿದ್ದ ಹುಡುಗಿಗೆ ಎಲ್ಲ ವಿವರಿಸಿದರು. ರಗ್ಗಿನ ದುಡ್ಡನ್ನು ನಾನು ಆದರೂ ಕಟ್ಟಿಬಿಟ್ಟೆ. ಅವರು ಬೇಡವೆಂದರು. ನನ್ನ ಹೆಸರು ಕೂಗಿಸಿಕೊಂಡ ರಗ್ಗುಗಳು, ಅದಕ್ಕೇ ಕಟ್ಟಿದೆ.

ಹೀವಾಳ ಟಿಕೆಟ್ಟು ಇದರ ಜೊತೆಗಿದೆ. ಮುಂದಿನ ಕೋಣೆಗೆ ಬೆಳಗಿನ ಬಿಸಿಲು ಬರುತ್ತದೆ. ಮುಂದಿನ ವರ್ಷ ಚಳಿ ಕಳೆದ ಮೇಲೆ ನೀವು ಬನ್ನಿ. ಬರುತ್ತೀರಿ ಅಲ್ಲವೇ?

ವಿಕಾ


ಫೋವಾ
೨೧ ಡಿಸೆಂಬರ್ ೨೦೦೩

ವಿಕಾ,

ಮಗು ತಲುಪಿದಳೆಂದು ಅಂಗಡಿಯವನು ಬಂದು ಹೇಳಿದ. ನೀನು ಫೋನು ಮಾಡಿದಾಗ ನಾನು ಕೇದಗೆ ಎಲೆ ಒಣಹಾಕಲು ಹೋಗಿದ್ದೆ ಎಂದು ಹೇಳಿಸಿದೆನಲ್ಲ, ಅದು ಸುಳ್ಳು. ಅಂಗಡಿಯ ಹಿಂದೆಯೇ ನಿಂತಿದ್ದೆ. ಊರವರೆದುರು ದನಿ ಕೈಕೊಟ್ಟರೆ ಎಂದು ಬರಲಿಲ್ಲ.

ನೀನು ದೋಣಿ ನಡೆಸುವವರ ಹಾಗೆ ಕಲ್ಲು ತಪ್ಪಿಸಿ ತಪ್ಪಿಸಿ ಬರೆದಿದ್ದೀಯ. ಪೊಲೀಸ್ ಹುಡುಗಿ ಹೇಳಿದ ವಿಷಯ ಏನೆಂದು ನನಗೆ ಗೊತ್ತು. ಅಂಥ ದೂರು ಇರುವವರಿಗೆ ಆ ದೇಶದೊಳಗೆ ಬರಲು ಒಪ್ಪಿಗೆ ಸಿಗುವುದಿಲ್ಲ, ವಿಮಾನ ಇಳಿದಲ್ಲಿಂದಲೇ ತಿರುಗಿ ಕಳಿಸುತ್ತಾರೆ. ಲಾವಿನಿಯಾ ಅಕ್ಟೋಬರಿನಲ್ಲೇ ಹೇಳಿದ್ದಳು. ಗೊತ್ತಿದ್ದೇ ನಿನಗೆ ಬರೆದೆ. ನೀನು ಬೆಂಚಿನ ಮೇಲೆ ಕೂತು ಅತ್ತಿರುತ್ತೀಯ. ನಾನು ಇಲ್ಲಿ ಒಂದು ಸಂಜೆ ಅತ್ತೆ. ಅಲ್ಲಿಗೆ ಸಮ ಆಯಿತು.

ಮನೆ ಖಾಲಿ. ಹಂದಿಗಳಿಗೆ ಹಾಕುವಾಗಲೂ ಅವಳ ಹೆಸರು ಹಿಡಿದು ಕೂಗುತ್ತೇನೆ, ಆಮೇಲೆ ಯಾರಾದರೂ ಕೇಳಿದರೇ ಎಂದು ನೋಡುತ್ತೇನೆ. ಸಂಜೆಯ ಹಾಡಿಗೆ ನನ್ನ ಭಾಗ ಹಾಡುತ್ತೇನೆ. ಅವಳ ಭಾಗ ಬರುವಲ್ಲಿ ಅಷ್ಟು ಹೊತ್ತು ಸುಮ್ಮನಿದ್ದು ಮುಂದಕ್ಕೆ ಹೋಗುತ್ತೇನೆ. ಪಕ್ಕದ ಮನೆಯವರು ಈಗ ತಮ್ಮ ಪ್ರಾರ್ಥನೆ ನಿಲ್ಲಿಸುವುದಿಲ್ಲ. ಅವಳಿಗೆ ಹಾಡಲು ಹೇಳು. ನೀನು ಕೆಳಗಿನ ದನಿ ಹಾಡು, ಕಪ್ಪೆಯ ದನಿಯಾದರೂ ಪರವಾಗಿಲ್ಲ.

ಅವಳ ಚೀಲದ ತಳದಲ್ಲಿ ಒಂದು ರಗ್ಗಿದೆ, ಹುಲಿಯದು. ಆ ರಾಶಿಯಿಂದ ಒಂದನ್ನು ನಾನು ಎತ್ತಿಟ್ಟುಕೊಂಡಿದ್ದೆ, ಸೆಮಿಸಿಯ ಕಡೆಯವರಿಗೆ ಯಾಕೆ ಎಲ್ಲವೂ ಎಂದು. ಅದನ್ನು ಮುಂದಿನ ಕೋಣೆಯಲ್ಲಿ ಹಾಸು. ಬೆಳಿಗ್ಗೆ ಕಿಟಕಿ ತೆರೆ. ಆ ಕೋಣೆಯನ್ನು ಯಾರಿಗೂ ಬಾಡಿಗೆಗೆ ಕೊಡಬೇಡ, ಸಾಮಾನು ತುಂಬಬೇಡ, ಬಂದ ನೆಂಟರನ್ನು ಅಲ್ಲಿ ಮಲಗಿಸಬೇಡ. ನಾನು ಅದರೊಳಗೆ ಕಾಲಿಡದೆ ಸತ್ತರೂ ಅದು ನನ್ನದು.

ಇದನ್ನು ನಾನು ಕೇಳುತ್ತಿಲ್ಲ. ತೆಗೆದುಕೊಳ್ಳುತ್ತಿದ್ದೇನೆ.

ನಿನ್ನ ಅಪ್ಪನ ಅಕ್ಕ,
ಮೆಲೆನೈತೆ